ಹಿರಿಯೂರಿನಲ್ಲಿ ಸಮುದ್ರ ಕಲಸುವವಳು

ಬೆಳಕು ಹರಿಯುವ ಮೊದಲು ಶೋಭಾರಾಣಿ ಬಾಗಿಲು ಸಾರಿಸಿ ರಂಗೋಲಿ ಎಳೆಯುತ್ತಾಳೆ, ಹಾಲು ಕಾಯಿಸುತ್ತಾಳೆ, ಅತ್ತೆಗೆ ಬಿಸಿನೀರು ಇಡುತ್ತಾಳೆ, ಶುದ್ಧ ನೀರಿನ ಘಟಕದಿಂದ ಕ್ಯಾನು ಹೊತ್ತು ತರುತ್ತಾಳೆ. ಆ ನೀರು ಮನೆಯವರಿಗಲ್ಲ. ಬಕೆಟ್ಟಿಗೆ ಸುರಿದು, ಪ್ಯಾಕೆಟ್ಟಿನ ಸಮುದ್ರದುಪ್ಪು ಹಾಕಿ, ಕರಗುವವರೆಗೆ ಕೈಯಾಡಿಸಿ, ನಡುಮನೆಯ ಗಾಜಿನ ತೊಟ್ಟಿಗೆ ತುಂಬಬೇಕು. ಅಡುಗೆಗೆ ಬೇಳೆ ಬೇಯದ ಬೋರಿನ ನೀರೇ ಗತಿ.

ತೊಟ್ಟಿ ಅವಳ ಗಂಡ ಮಾರುತೇಶನದು. ಹೆದ್ದಾರಿ ಬದಿಯಲ್ಲಿ ಅವನಿಗೆ ಲಾರಿ ಬಿಡಿಭಾಗಗಳ ಅಂಗಡಿ. ಮನೆಗೆ ಬಂದವರಿಗೆಲ್ಲ ಹವಳ, ಹಳದಿ ಮೀನು ತೋರಿಸಿ, "ಮಗು ಸಾಕಿದಂಗೆ ಸಾಕ್ತೀನಿ" ಎನ್ನುತ್ತಾನೆ. ಉಪ್ಪಿಗೆ ಬಿರಿದ ಬೆರಳಲ್ಲಿ ಕಾಫಿ ಲೋಟ ಹಿಡಿದು ಶೋಭಾ ಹಿಂದೆ ನಿಂತಿರುತ್ತಾಳೆ.

ಹೋದ ತಿಂಗಳು ಅವಳಿಗೆ ಜ್ವರ. ಅವಳು ಊಟ ಬಿಟ್ಟಿದ್ದು ಅವನ ಕಣ್ಣಿಗೆ ಬೀಳಲಿಲ್ಲ. ಹಳದಿ ಮೀನು ಆಹಾರ ಬಿಟ್ಟಿದ್ದು ಬಿತ್ತು.

"ಯಾಕೆ ಚಿನ್ನ, ಸಪ್ಪಗಿದೀಯಾ?" ಗಾಜಿಗೆ ಮೂಗು ಒತ್ತಿ ಕೇಳಿದ.

"ನಂಗೂ ಒಂದು ಬಾಲ ಇದ್ದಿದ್ರೆ ಚೆನ್ನಾಗಿತ್ತು," ಅಂದಳು ಅಡುಗೆಮನೆಯಿಂದ.

"ಬಾಯಿ ಐತಲ್ಲ, ಸಾಕು," ಎಂದರು ಅತ್ತೆ ಬರಗೇರಮ್ಮ.

ಮೀನು ಸತ್ತಿತು. ಉಪ್ಪು ಹೆಚ್ಚಾಯಿತೆಂದು ಬೈಗುಳ ಅವಳಿಗೆ. ಮಾರುತೇಶ್ ಅಂಗಡಿಗೆ ಹೋಗಿದ್ದಾಗ, ಮೀನು ತಂದುಕೊಡುವ ಕೊಟ್ರೇಶ್ ಬಂದು ನೀರು ಪರೀಕ್ಷಿಸಿದ.

"ಉಪ್ಪು ಸರಿಯಾಗೇ ಐತಕ್ಕ. ಕೆಲವ್ರು ಹವಳದ ಸಂದೀಲಿ ವಿಷ ಬಿಟ್ಟು, ಅಮಲೇರಿದ ಮೀನು ಹಿಡೀತಾರೆ. ಒಳಗೆ ಬಚ್ಚಿಟ್ಕಂಡಿದ್ರೆ ಹವಳನೇ ಒಡೀತಾರೆ. ಹಂಗೆ ಹಿಡಿದವು ಬಾಳಲ್ಲ. ದಾರೀಲೇ ಎಷ್ಟೋ ಹೋಗ್ತವೆ."

"ಇದನ್ನ ಅವ್ರಿಗ್ಯಾಕೆ ಹೇಳಲ್ಲ ನೀನು?"

"ಹೇಳಿದ್ರೆ ನಮ್ ಯಾಪಾರ ನಡೀಬೇಕಲ್ಲಕ್ಕ."

ಅವಳಿಗೆ ಮೊದಲು ಬಂದದ್ದು ಕರುಣೆಯಲ್ಲ, ಹೊಟ್ಟೆಕಿಚ್ಚು. ಆ ಮೀನನ್ನು ತರಲು ಸಮುದ್ರದೊಳಗಿನ ಮನೆಯನ್ನೇ ಒಡೆದರು. ತನ್ನನ್ನು ತವರು ಶ್ರೀರಾಂಪುರದಿಂದ ತರಲು ಒಂದು ಬಾಡಿಗೆ ಟೆಂಪೋ ಸಾಕಾಗಿತ್ತು. ಕರುಣೆ ಆಮೇಲೆ ಬಂತು, ಗಾಜು ಒರೆಸುವಾಗ, ತೊಟ್ಟಿಯ ಹವಳವೂ ಸಾಯುತ್ತಾ ತುದಿಯಿಂದ ಬೆಳ್ಳಗಾಗುತ್ತಿರುವುದು ಕಂಡು.

ಮಾರುತೇಶ್ ಈ ಸಲ ಜೋಡಿ ಮೀನು ತರಿಸಲು ಕೊಟ್ರೇಶನಿಗೆ ಹೇಳಿ ಹೊಳಲ್ಕೆರೆಗೆ ಮದುವೆಗೆ ಹೊರಟ. "ಕೊಟ್ರೇಶ ಫೋನ್ ಮಾಡ್ತಾನೆ, ಹೂಂ ಅಂದ್ಬಿಡು."

ಅತ್ತೆ ದೇವಸ್ಥಾನಕ್ಕೆ ಹೋಗಿದ್ದಾಗ ಫೋನ್ ಬಂತು.

"ಅಕ್ಕ, ಈಗ ಹೇಳಿದ್ರೆ ತರಿಸ್ತೀನಿ. ಅಣ್ಣಂಗೆ ಇನ್ನೊಂದ್ಮಾತು ಕೇಳ್ತೀರಾ?"

ಪಂಪು ಗೊರಗೊರ ಅನ್ನುತ್ತಿದ್ದ ತೊಟ್ಟಿಯ ಮುಂದೆ ಹೋಗಿ ನಿಂತಳು. ಇನ್ನೆರಡು ಬಂದರೆ ಆ 'ಚಿನ್ನ' ಎಂಬ ಮಾತೂ ಅವುಗಳ ಪಾಲು. ಬೇಡವೆಂದರೆ ಜಗಳ ತಪ್ಪದೆಂದೂ ಗೊತ್ತಿತ್ತು.

"ಕೇಳಲ್ಲ," ಅಂದಳು. "ಬೇಡ. ಅವು ಅಲ್ಲೇ ಇರ್ಲಿ. ಅವ್ರು ಕೇಳಿದ್ರೆ, ಶೋಭಕ್ಕನೇ ಬೇಡ ಅಂದ್ಲು ಅನ್ನು."