ಲಟ್ಟಣಿಗೆ ಹಿಡಿದ ದಿನ

ಹುಮನಾಬಾದಿನ ಖಾನಾವಳಿಗೆ ಬಸವಕಲ್ಯಾಣದಿಂದ ಬಂದು ರೊಟ್ಟಿ ಬಡಿಯುತ್ತಿದ್ದ ಆಕೆಗೆ ಫೈಬ್ರೊಮಯಾಲ್ಜಿಯಾ ಇತ್ತಂತೆ. ಮೈಯೆಲ್ಲ ನೋವು, ಆದರೆ ರಿಪೋರ್ಟುಗಳೆಲ್ಲ ಸರಿ. ದಿನಾ ಅಲ್ಲೇ ಊಟ ಮಾಡುತ್ತಿದ್ದ ನಾನು ನಂಬಿರಲಿಲ್ಲ. ಹತ್ತು ರೊಟ್ಟಿಗೊಮ್ಮೆ ನಿಲ್ಲಿಸಿ, ಬಿಸಿನೀರಿನ ತಂಬಿಗೆಗೆ ಮಣಿಕಟ್ಟು ಒತ್ತಿ, "ಇವತ್ತ ಕೈ ಮಾತ ಕೇಳವಲ್ದು ನೋಡ್ರಿ," ಎನ್ನುತ್ತಿದ್ದಳು.

ಒಂದು ದಿನ ಆಕೆ ಲಟ್ಟಣಿಗೆ ಹಿಡಿದದ್ದನ್ನು ಮಾಲೀಕ ಕಂಡ. ಅಲ್ಲಿ ಕೈಯಿಂದ ಬಡಿದ ರೊಟ್ಟಿಯನ್ನಷ್ಟೇ ಜನ ಮುಟ್ಟುವುದು.

"ಸರ್, ನಿನ್ನೆ ಹ್ಯಾಂಗ ಬಡದಳ್ರಿ?" ಎಂದು ನನ್ನನ್ನು ಕೇಳಿದ.

"ನಕ್ಕೋತ, ಟಪಟಪ ಬಡದಳು," ಎಂದೆ.

"ಹಂಗಾರ ಇವತ್ತಿಂದು ನಾಟಕ!"

ಕೆಲಸ ಹೋಯಿತು. ಚಪ್ಪಲಿ ಮೆಟ್ಟುತ್ತಾ ಆಕೆ, "ನಿನ್ನೆ ಹಂಗ ಬಡದಿದ್ದಕ್ಕೇ ಇವತ್ತ ಹಿಂಗ ಆಗೇದರಿ, ಸರ್," ಎಂದಳು.

ಈಗ ನನ್ನ ನೆನಪನ್ನೇ ನಂಬಲಾರೆ. ಆ ಹಿಂದಿನ ದಿನ ನಕ್ಕವಳು ಆಕೆಯೋ, ಪಕ್ಕದಲ್ಲಿ ಹಿಟ್ಟು ನಾದುತ್ತಿದ್ದವಳೋ?