ತುಂಬಿದ ಟ್ಯಾಂಕರ್ ಜಗ್ಗುವ ಗಾಡಿ

ನನ್ನ ಗಂಡ ತೀರಿಕೊಂಡ ಕೆಲವೇ ವಾರಗಳಲ್ಲಿ ಅವರ ಟ್ರ್ಯಾಕ್ಟರ್ ಮತ್ತೆ ಸರಿಯಾಗದಂತೆ ಕೆಟ್ಟು ನಿಂತಿತು. ಇಬ್ರಾಹಿಂಪುರದಲ್ಲಿ ಶೆಡ್ ಇಟ್ಟುಕೊಂಡು ಅವರು ಅದಕ್ಕೆ ಟ್ಯಾಂಕರ್ ಕಟ್ಟಿ ನೀರು ಸಾಗಿಸುತ್ತಿದ್ದರು. ಮನೆ ಕಟ್ಟಿಸುವವರಿಗೆ, ಬೇಸಿಗೆಯಲ್ಲಿ ಓಣಿಗಳಿಗೆ, ತಿಕೋಟಾ ಕಡೆಯ ದ್ರಾಕ್ಷಿ ತೋಟಗಳಿಗೆ. ನಾನು ಜಲನಗರದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಅವರ ಅಂಗಿಯ ಡೀಸೆಲ್ ವಾಸನೆ ಯಾವ ಸಾಬೂನಿಗೂ ಹೋಗುವುದಿಲ್ಲ ಎಂಬುದನ್ನು ಬಿಟ್ಟರೆ ಟ್ರ್ಯಾಕ್ಟರಿನ ಬಗ್ಗೆ ನನಗೇನೂ ಗೊತ್ತಿರಲಿಲ್ಲ.

ನಿಡೋಣಿಯಲ್ಲಿದ್ದ ಮೈದುನ ವ್ಯವಹಾರ ನಡೆಸಲು ಒಪ್ಪಿದ. ಆದರೆ ಹೊಸ ಗಾಡಿಯನ್ನು ನಾನೇ ಆರಿಸಬೇಕೆಂದು ಹಟ ಹಿಡಿದ. ಹೀಗಾದರೂ ನನ್ನ ಮನಸ್ಸು ಹಗುರಾದೀತೆಂದು ಅವನ ಆಸೆ. ಮನಸ್ಸು ಭಾರವಾಗಿಯೇನೂ ಇರಲಿಲ್ಲ. ಇದೆಯೋ ಇಲ್ಲವೋ ಎಂಬುದೇ ತಿಳಿಯುತ್ತಿರಲಿಲ್ಲ. ಪಾಠ ಮಾಡುತ್ತಿದ್ದೆ, ರೊಟ್ಟಿ ಬಡಿಯುತ್ತಿದ್ದೆ, ರುಚಿ ತಿಳಿಯದೆ ತಿನ್ನುತ್ತಿದ್ದೆ. ಮಾತಾಡಿಸಲು ಬಂದವರು ಅತ್ತರೆ ಅವರಿಗೆ ನೀರು ತಂದು ಕೊಡುತ್ತಿದ್ದೆ.

ಟ್ರ್ಯಾಕ್ಟರ್ ಅಂಗಡಿಯಲ್ಲಿ ಸಾಲಾಗಿ ನಿಂತ ಗಾಡಿಗಳನ್ನು ನೋಡಿ, "ಹೊಗಿ ಕಮ್ಮಿ ಬಿಡೂದು ಯಾವುದ್ರಿ?" ಎಂದು ಕೇಳಿದೆ.

ಮೈದುನ ಗಾಬರಿಯಾದ. "ವೈನಿ, ಹೊಗಿ ನೋಡಿ ಯಾರರ ಟ್ರ್ಯಾಕ್ಟರ್ ತೊಗೋತಾರೇನ್ರಿ? ಜಗ್ಗೂ ತಾಕತ್ತು ನೋಡಬೇಕು."

"ಹೊಸಾ ಡೀಸೆಲ್‌ದಾಗ ಮೊದಲಿನಷ್ಟು ಹೊಗಿ ಇಲ್ರಿ," ಎಂದ ಮಾರುವವನು. "ಒಟ್ಟ ಹೊಗೀನ ಬ್ಯಾಡಂದ್ರ ಬ್ಯಾಟರಿದು ಐತಿ."

"ತುಂಬಿದ ಟ್ಯಾಂಕರ್ ಜಗ್ಗತೈತೇನು ಅದು?" ಎಂದ ಮೈದುನ.

"ನಿಮ್ಮ ಟ್ಯಾಂಕರ್ನ ಕಟ್ಟಿ ನೋಡ್ರಿ. ಆಮ್ಯಾಲ ಮಾತಾಡೂಣು."

ಭಾನುವಾರ ಬಬಲೇಶ್ವರ ರಸ್ತೆಯ ಒಂದು ಏರಿನ ಬುಡಕ್ಕೆ ತುಂಬಿದ ಟ್ಯಾಂಕರ್ ತರಿಸಿದೆವು. ಮೊದಲು ಡೀಸೆಲ್ ಗಾಡಿ ಕಟ್ಟಿದರು. ಅದು ಗುಡುಗುತ್ತ ಏರು ಹತ್ತಿತು. ನಾನು ಕೈಗಡಿಯಾರ ನೋಡಿಕೊಂಡು, ಚಹಾಕ್ಕೆ ಹಾಲು ಉಳಿದಿದೆಯೇ ಎಂದು ಯೋಚಿಸತೊಡಗಿದೆ. ಅವರಿದ್ದಾಗ ದಿನಾ ಸಂಜೆ ಓಣಿಯ ತಿರುವಿನಲ್ಲಿ ಆ ಸದ್ದು ಕೇಳಿದೊಡನೆ ನಾನು ಚಹಾಕ್ಕೆ ಒಲೆ ಹಚ್ಚುತ್ತಿದ್ದೆ ಎಂಬುದು ಆಮೇಲೆ ನೆನಪಾಯಿತು. ಆಗಲೂ ಅಳು ಬರಲಿಲ್ಲ. ಈ ಸದ್ದಿನ ಗಾಡಿ ಮನೆ ಮುಂದೆ ಬರಬಾರದು ಎಂದಷ್ಟೇ ಅನಿಸಿತು.

ಬ್ಯಾಟರಿ ಗಾಡಿಯನ್ನು ಮೈದುನ ತಾನೇ ಓಡಿಸಿದ. ಅದನ್ನು ಸೋಲಿಸಲೆಂದೇ ಏರಿನ ನಡುವೆ ಬ್ರೇಕ್ ಒತ್ತಿ ನಿಲ್ಲಿಸಿದ. ಮತ್ತೆ ಬಿಟ್ಟಾಗ ಟ್ಯಾಂಕರ್ ಹಿಂದೆ ಜಾರಲಿಲ್ಲ, ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ನೆಲ ಬಿಟ್ಟು ಏಳಲಿಲ್ಲ. ಸದ್ದಿಲ್ಲದೆ ಮೇಲೆ ಹೋಗಿ, ಸದ್ದಿಲ್ಲದೆ ಇಳಿದು ಬಂದ. ಕೆಳಗಿಳಿದವನೇ ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತು ಬಿಕ್ಕತೊಡಗಿದ.

"ಅಣ್ಣ ಇದನ್ನ ನೋಡಬೇಕಿತ್ರಿ ವೈನಿ. ದಿನಾ ಆ ಹೊಗಿ ಕುಡದು ಎಷ್ಟ ಕೆಮ್ಮತಿದ್ದ."

ನಾನು ನೀರಿನ ಬಾಟಲಿ ಕೊಟ್ಟೆ. ಮಾರುವವನ ಅಂಗಿಗೆ ಒಂದು ಗುಂಡಿ ಇರಲಿಲ್ಲ. ಅದನ್ನೇ ನೋಡುತ್ತ, "ಇದ ಇರಲಿ," ಎಂದೆ.

ಹೊಗೆ ಬೇಡವೆಂದೇ ಬ್ಯಾಟರಿ ಗಾಡಿ ಆರಿಸಿದೆನೆಂದು ನೆರೆಯವರು ನನ್ನ ತಿಳಿವಳಿಕೆಯನ್ನು ಹೊಗಳಿದರು. ಹೊಗೆ ಇಲ್ಲದ್ದು ನಿಜವೇ ಆದ್ದರಿಂದ ಸದ್ದಿನ ಮಾತನ್ನು ನಾನು ಎತ್ತಲಿಲ್ಲ. ಗಾಡಿಯ ತೊಂದರೆಗಳು ಬಳಸುತ್ತ ತಿಳಿದವು. ಭಾರ ಎಳೆದರೆ ಚಾರ್ಜ್ ಬೇಗ ಇಳಿಯುತ್ತದೆ. ತಿಕೋಟಾಕ್ಕೆ ಹೋಗಿ ಬಂದರೆ ಶೆಡ್ಡಿನಲ್ಲಿ ಬಹಳ ಹೊತ್ತು ಚಾರ್ಜಿಗೆ ನಿಲ್ಲಿಸಬೇಕು. ಹಾಗಾಗಿ ಮೈದುನ ದೂರದ ಗಿರಾಕಿಗಳನ್ನು ಕಡಿಮೆ ಮಾಡಿ ಊರೊಳಗಿನ ಕೆಲಸ ಹೆಚ್ಚಿಸಿಕೊಂಡ.

ಚಳಿಗಾಲದ ಒಂದು ರಜೆಯಲ್ಲಿ ಅವನ ಜೊತೆ ನಾನೂ ತಿಕೋಟಾಕ್ಕೆ ಹೋದೆ. ನೀರು ಇಳಿಸುವಾಗ ತೋಟದ ಹೆಂಗಸು ದ್ರಾಕ್ಷಿಯ ಒಂದು ಗೊಂಚಲು ಕಿತ್ತು ಕೊಟ್ಟಳು. ಒಂದು ಹಣ್ಣು ಬಾಯಿಗೆ ಹಾಕಿಕೊಂಡೆ, ಕಣ್ಣುಗಳು ತಾವಾಗಿ ಮುಚ್ಚಿದವು.

"ಹುಳಿ ಅದಾವೇನ್ರಿ ವೈನಿ?"

"ಭಾಳ ಹುಳಿ," ಎಂದು ಇನ್ನೊಂದು ಕಿತ್ತುಕೊಂಡೆ.