ಲಗ್ನಪತ್ರಿಕೆಯ ತುಂಡು

ಬೀರು ಒರೆಸುವಾಗ ಬೆರಳಗಲದ ಒಂದು ರಟ್ಟಿನ ಚೂರು ಸಿಕ್ಕಿತು. ನನ್ನದೇ ಲಗ್ನಪತ್ರಿಕೆಯಿಂದ ಕತ್ತರಿಸಿದ್ದು. ಮೂಗಿಗೆ ಹಿಡಿದರೆ ಇನ್ನೂ ಗ್ರೀಸಿನ ವಾಸನೆ... ಮೈಯೆಲ್ಲ ಉರಿದುಹೋಯಿತು.

ಅದನ್ನು ಕತ್ತರಿಸಿಕೊಂಡವಳು ಅರಸೀಕೆರೆಯ ನಮ್ಮ ಪಕ್ಕದ ಮನೆಯ ಅಕ್ಕ. ತೊಂಬತ್ತರ ದಶಕದಲ್ಲಿ ಆಕೆಯ ಗಂಡ ಹಳೇ ಅಂಬಾಸಿಡರ್ ಒಂದರಲ್ಲಿ, ರೈಲಿಳಿದವರನ್ನು ಬೇಲೂರು, ಹಳೇಬೀಡು ಸುತ್ತಿಸುತ್ತಿದ್ದ. "ಒಂದಿನಾನೂ ದಾರೀಲಿ ಕೆಮ್ಮಿಲ್ಲ ನನ್ ಗಾಡಿ. ನನ್ ಕೈಗುಣ!" ಎಂದು ಬೀದಿಗೆಲ್ಲ ಕೇಳುವಂತೆ ಕೊಚ್ಚಿಕೊಳ್ಳುತ್ತಿದ್ದ.

ಕೈಗುಣವಂತೆ! ಸೋಮವಾರ ಬೆಳಿಗ್ಗೆ ಆತ ತಿಂಡಿ ತಿಂದು ಪೇಪರ್ ಹಿಡಿದು ಕೂತರೆ, ಹಿತ್ತಲ ಶೆಡ್ಡಿನಲ್ಲಿ ಬಾನೆಟ್ ಎತ್ತುತ್ತಿದ್ದವಳು ಅಕ್ಕ. ಜಾವಗಲ್ಲಿನಲ್ಲಿ ಅಪ್ಪನ ಗ್ಯಾರೇಜಿನಲ್ಲಿ ಕಲಿತ ವಿದ್ಯೆ ಅದು. ನಾಲ್ಕೂ ಪ್ಲಗ್ ಬಿಚ್ಚಿ ಉಜ್ಜುವಳು, ಏರ್ ಫಿಲ್ಟರ್ ಕೊಡವುವಳು, ಪ್ಲಗ್ಗಿಗೆ ಕರೆಂಟು ಬಿಡುವ ಪಾಯಿಂಟಿನ ಸಂದಿಗೆ ಈ ಚೂರು ತೂರಿಸಿ ಅಳತೆ ನೋಡಿ ಸ್ಕ್ರೂ ಬಿಗಿಯುವಳು. "ನಿನ್ ಪತ್ರಿಕೆ ದಪ್ಪ ಸರಿಯಾಗೈತೆ ಕಣೇ" ಎಂದು ನಗುವಳು. ಆಮೇಲೆ ಇಂಜಿನ್ ಶುರು ಮಾಡಿ, ಸದ್ದು ಒಂದೇ ಸಮ ಆಗುವ ತನಕ ಕಾರ್ಬ್ಯುರೇಟರಿನ ತಿರುಪು ತಿರುಗಿಸುತ್ತ ನಿಂತಿರುತ್ತಿದ್ದಳು...

ಒಂದು ದಿನ ಹಾಸನದಿಂದ ಟ್ರಾವೆಲ್ಸ್ ನಡೆಸುವವರೊಬ್ಬರು ಬಂದರು. ಅವರ ಮೂರು ಕಾರುಗಳನ್ನು ಟ್ಯೂನ್ ಮಾಡುವವರು ಬೇಕಿತ್ತು.

"ನಾನೇ ಮಾಡ್ಕೊಡ್ತೀನಿ" ಎಂದಳು ಅಕ್ಕ. ಆಕೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ.

ಗಂಡ ಬಿದ್ದು ಬಿದ್ದು ನಕ್ಕ. "ಇವ್ಳು ಗಾಡಿ ಒರೆಸೋಳು ಸ್ವಾಮಿ."

ಅಕ್ಕ ಕಾಂಪೌಂಡಿನಾಚೆ ನಿಂತಿದ್ದ ನನ್ನನ್ನು ತೋರಿಸಿದಳು. "ಇವ್ಳು ಎಲ್ಲಾ ನೋಡವ್ಳೆ. ಕೇಳಿ ಬೇಕಾದ್ರೆ."

"ನಾನೇನೂ ನೋಡಿಲ್ಲಪ್ಪ" ಎಂದುಬಿಟ್ಟೆ. ಗಂಡ ಹೆಂಡತಿಯ ನಡುವೆ ನಾನೇಕೆ ಎಂಬ ಹಾಳು ಜಾಣತನ! ಬಂದವರು ಹೊರಟುಹೋದರು.

ಮರುದಿನ ಅಕ್ಕ ಬಂದು ಈ ಚೂರನ್ನು ನನ್ನ ಕೈಲಿಟ್ಟಳು. "ನಿಂದು ನೀನೇ ಇಟ್ಕೊ." ಮತ್ತೆಂದೂ ಆಕೆ ಬಾನೆಟ್ ಮುಟ್ಟಲಿಲ್ಲ, ನನ್ನ ಜೊತೆ ಮಾತಾಡಲಿಲ್ಲ. ಕಾರು ಹಳೇಬೀಡಿನ ದಾರಿಯಲ್ಲಿ ನಿಂತು ನಿಂತು ಬರತೊಡಗಿತು. ಆತ ಪೆಟ್ರೋಲಿಗೆ ಬೈದ.

ಅಕ್ಕ ತೀರಿಕೊಂಡು ವರ್ಷಗಳಾದವು. ಇವತ್ತು ಸಿಟ್ಟು ತಡೆಯದೆ ಪಕ್ಕದ ಮನೆಗೆ ಹೋಗಿ, ಚೂರನ್ನು ಆತನ ಮುಂದೆ ಹಿಡಿದು, "ಇದೇನು ಹೇಳಿ" ಎಂದೆ.

ಆತ ತಿರುಗಿಸಿ ಮುರುಗಿಸಿ ನೋಡಿದ. "ಯಾರ್ದೋ ಲಗ್ನಪತ್ರಿಕೆ. ಯಾಕಮ್ಮ?"

ಅದರ ಗುರುತೇ ಇಲ್ಲ ಆತನಿಗೆ! "ಅಕ್ಕ ಇದ್ರಲ್ಲೇ ನಿಮ್ಮ ಗಾಡಿ ಸರಿ ಮಾಡ್ತಿದ್ದಿದ್ದು. ನಾನು ನೋಡಿದೀನಿ" ಎಂದು ಕೂಗಿದೆ. ಬೀದಿಯವರೆಲ್ಲ ಬಾಗಿಲಿಗೆ ಬಂದರು. ಕೇಳಬೇಕಾಗಿದ್ದವಳೊಬ್ಬಳು ಇರಲಿಲ್ಲ.